ನಳಿಗೆಯ ಮೇಲಿನ ಅರ್ಧ ಬೊಟ್ಟು

ಪಾಲಿಬೆಟ್ಟದ ದೊರೆಯ ಕೋವಿ ತಕರಾರನ್ನು ತಮ್ಮಯ್ಯ ಮೇಸ್ತ್ರಿ ಹೇಗೆ ಗೆದ್ದರು ಎಂದು ಗೋಣಿಕೊಪ್ಪಲಿನ ಸಂತೆಯಲ್ಲಿ ಯಾರನ್ನು ಕೇಳಿದರೂ ಒಂದೇ ಕಥೆ ಹೇಳುತ್ತಾರೆ. ಮೇಸ್ತ್ರಿ ಕಚೇರಿಯಲ್ಲಿ ಎದ್ದು ನಿಂತರಂತೆ. ನಳಿಗೆಯನ್ನು ಒಂದು ಬೆರಳಿಗೆ ತೂಗುಹಾಕಿ ಉಗುರಿನಿಂದ ಬಡಿದರಂತೆ. ಗಂಟೆಯ ಹಾಗೆ ನಾದ ಬಂತಂತೆ. "ಇದು ಈ ಕೋವಿಯದೇ ಸ್ವರ" ಎಂದರಂತೆ, ದೊರೆ ಟೋಪಿ ತೆಗೆದನಂತೆ.

ನಾನು ಅವತ್ತು ಮೇಸ್ತ್ರಿಯಿಂದ ಎರಡು ಮೊಳ ದೂರದಲ್ಲಿದ್ದೆ. ಅವರು ಎದ್ದು ನಿಲ್ಲಲೇ ಇಲ್ಲ. ನಳಿಗೆಯನ್ನು ಬಡಿಯಲೂ ಇಲ್ಲ. ಬಡಿದಿದ್ದರೂ ಪ್ರಯೋಜನವಿರಲಿಲ್ಲ. ಜೋಡಿ ನಳಿಗೆಯನ್ನು ಕೂಡಿಸಿದ ಬೆಸುಗೆ ಗಟ್ಟಿಯೋ ಸಡಿಲವೋ ಎಂಬುದನ್ನಷ್ಟೇ ನಾದ ಹೇಳುತ್ತದೆ. ನಳಿಗೆ ಯಾರ ಮನೆಯದು ಎಂದು ಯಾವ ನಾದವೂ ಹೇಳಿದ್ದಿಲ್ಲ.

ಓದಿದವರ ಬಳಿ ಇನ್ನೊಂದು ಪಾಠವಿದೆ: "ನಳಿಗೆಯ ಅಡಿಯಲ್ಲಿ ನಂಬರು ಕೊರೆದಿರುತ್ತದೆ, ಅದನ್ನು ನೋಡಿದರೆ ಮುಗಿಯಿತು." ಕೋವಿ ರಿಪೇರಿಗೆ ಹೊಸದಾಗಿ ಸೇರುವ ಹುಡುಗರಿಗೆ ಇವತ್ತು ಇದನ್ನೇ ಮಂತ್ರದ ಹಾಗೆ ಬಾಯಿಪಾಠ ಮಾಡಿಸುತ್ತಾರೆ. ಅವರಿಗಾಗಿಯೇ ಬರೆಯುತ್ತಿದ್ದೇನೆ. ನಮ್ಮನ್ನು ಮುಳುಗಿಸಲು ಹೊರಟದ್ದೇ ಆ ನಂಬರು.

ಮೂವತ್ನಾಲ್ಕನೇ ವಯಸ್ಸಿಗೇ ನಿವೃತ್ತನಾದವನು ವೃತ್ತಿಯ ಅನುಭವ ಬರೆಯುತ್ತಾನೆಂದರೆ ನಗುವವರಿದ್ದಾರೆ. ನಗಲಿ. ನನ್ನನ್ನು ನಿವೃತ್ತಿ ಮಾಡಿಸಿದ್ದು ಸರಕಾರವಲ್ಲ, ಹೊಗೆಯಿಲ್ಲದ ಕೋವಿಮದ್ದು. ಆ ಕಥೆ ಮುಂದೆ ಬರುತ್ತದೆ. ಮಡಿಕೇರಿಯ ಹೈಸ್ಕೂಲಿನ ಚರ್ಚಾಕೂಟದಲ್ಲಿ ಮೂರು ವರ್ಷ ಬಹುಮಾನ ಹೊಡೆದವನು ನಾನು. ಕಾನೂನು ಓದುವ ಆಸೆಯಿತ್ತು, ಅನುಕೂಲವಿರಲಿಲ್ಲ. ಗೋಣಿಕೊಪ್ಪಲಿನ ಪೇಟೆಯಲ್ಲಿ ತಮ್ಮಯ್ಯ ಮೇಸ್ತ್ರಿಯ ಕೋವಿ ಅಂಗಡಿ ಸೇರಿದೆ. ಅವರು ಐರಿ ಕುಲದವರು, ತಲೆತಲಾಂತರದಿಂದ ಕಬ್ಬಿಣದ ಜೊತೆ ಮಾತಾಡಿದ ಮನೆತನ. ಮನುಷ್ಯರ ಜೊತೆ ಮಾತು ಕಡಿಮೆ. ನಾನು ತದ್ವಿರುದ್ಧ. ಎರಡನೆಯ ದಿನವೇ ನನಗೆ 'ವಕೀಲ' ಎಂದು ಹೆಸರಿಟ್ಟರು. ನನ್ನ ನಿಜವಾದ ಹೆಸರು ಅವರಿಗೆ ಗೊತ್ತಿತ್ತೇ ಎಂಬ ಬಗ್ಗೆ ನನಗೆ ಈಗಲೂ ಅನುಮಾನ.

ಮೊದಲ ವರ್ಷವೇ ಒಂದು ದೊಡ್ಡ ತಪ್ಪು ಮಾಡಿದೆ. ಒಂದು ಕೊಡವ ಮನೆಯ ಹಳೆ ಕೋವಿ ಒರೆಸಲು ಬಂದಿತ್ತು. ಅದರ ಹಿಡಿಯ ತಗಡಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ತುಕ್ಕಿನ ಕಲೆ. ಅರ್ಧ ದಿನ ಕೂತು ಎಮರಿ ಕಾಗದದಿಂದ ಉಜ್ಜಿ ಕನ್ನಡಿ ಮಾಡಿದೆ. ಮೆಚ್ಚುಗೆ ಕಾದು ಮೇಸ್ತ್ರಿಗೆ ತೋರಿಸಿದೆ. ಅವರು ಕೋವಿ ಕೆಳಗಿಟ್ಟು ತಲೆಗೆ ಕೈ ಹಚ್ಚಿದರು.

"ಏ ವಕೀಲ, ನೀನು ಉಜ್ಜಿದ್ದು ತುಕ್ಕು ಅಂತ ಮಾಡಿದ್ಯಾ? ಅದು ಅವರ ಮನೆಯ ಹಬ್ಬ ಮಾರಾಯ."

"ತುಕ್ಕು ತುಕ್ಕೇ ಅಲ್ವಾ ಮೇಸ್ತ್ರಿ? ಹಬ್ಬದ ತುಕ್ಕು, ತಿಥಿಯ ತುಕ್ಕು ಅಂತ ಬೇರೆ ಬೇರೆ ಉಂಟಾ?"

"ಉಂಟು. ಆ ಮನೆಯ ಹೆಂಗಸರು ಬಂದು ನಿನ್ನ ತಲೆ ಉಜ್ಜುವಾಗ ವ್ಯತ್ಯಾಸ ಗೊತ್ತಾಗ್ತದೆ."

ಕೈಲ್‌ಮುಹೂರ್ತದ ದಿನ, ಮಳೆಗಾಲ ಮುಗಿಯುವ ಹೊತ್ತಿಗೆ, ಕೊಡವರು ಮನೆಯ ಆಯುಧಗಳನ್ನೆಲ್ಲ ದೇವರ ಕೋಣೆಯಲ್ಲಿಟ್ಟು ಪೂಜಿಸುತ್ತಾರೆ. ಕೋವಿಯ ಬಾಯಿಗೆ ಕೆಂಪು-ಹಳದಿಯ ತೋಕ್‌ಪೂ ಎಂಬ ಹೂ ಸಿಕ್ಕಿಸುತ್ತಾರೆ, ಉಕ್ಕಿನ ಮೇಲೆ ಒದ್ದೆ ಗಂಧದ ಬೊಟ್ಟು ಇಡುತ್ತಾರೆ. ಇದು ನನಗೂ ಗೊತ್ತಿತ್ತು. ಆದರೆ ಆ ಬೊಟ್ಟು ರಾತ್ರಿಯಿಡೀ ಹಸಿಯಾಗಿದ್ದು ಉಕ್ಕನ್ನು ಕಚ್ಚುತ್ತದೆ, ವರ್ಷ ವರ್ಷವೂ ಅದೇ ಜಾಗದಲ್ಲಿ ಕಚ್ಚಿ ಕುಳಿ ಮಾಡುತ್ತದೆ ಎಂದು ಯೋಚಿಸಿರಲಿಲ್ಲ. ಒಂದೊಂದು ಒಕ್ಕ, ಅಂದರೆ ಮನೆತನ, ಒಂದೊಂದು ಜಾಗದಲ್ಲಿ ಇಡುತ್ತದೆ. ಕೆಲವರು ಹಿಡಿಗೆ, ಕೆಲವರು ಗುಂಡು ಸಿಡಿಸುವ ಕುದುರೆಗೆ, ಕೆಲವರು ನಳಿಗೆಗೆ. ಬೊಟ್ಟಿನ ಜಾಗ ನೋಡಿ ಕೋವಿ ಯಾವ ಮನೆಯದೆಂದು ಮೇಸ್ತ್ರಿ ಹೇಳಬಲ್ಲರು. ಆ ಮನೆಯ ಹಿರಿಯರ ಎದುರು ನನ್ನ ಪರವಾಗಿ ಅವರೇ ಕೈಮುಗಿದು ನಿಂತರು. ಚರ್ಚೆಯಲ್ಲಿ ಸೋತರೆ ಆಗುವ ನಾಚಿಕೆ ನನಗೆ ಗೊತ್ತಿತ್ತು. ನನ್ನಿಂದಾಗಿ ಇನ್ನೊಬ್ಬರು ಕೈಮುಗಿಯುವ ನಾಚಿಕೆ ಅದಕ್ಕಿಂತ ಖಾರ.

ಎರಡನೆಯ ತಪ್ಪು ಸಂತೆಯ ದಿನ, ನಾಲ್ಕು ಜನರ ಎದುರೇ ಆಯಿತು. ಯಾರೋ ವ್ಯಾಪಾರಿ ಒಂದು ಕೋವಿ ತಂದು ತಿರುಚು ನಳಿಗೆಯದು ಎಂದ. ಹಳೆಯ ಒಳ್ಳೆಯ ನಳಿಗೆಗಳನ್ನು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಜಡೆಯ ಹಾಗೆ ಹೆಣೆದು, ತಿರುಚಿ, ಬಡಿದು ಮಾಡುತ್ತಿದ್ದರು. ಮೇಲ್ಮೈಯಲ್ಲಿ ಹಾವಿನ ಚರ್ಮದಂಥ ಸುಳಿ ಕಾಣುತ್ತದೆ. ಇದರಲ್ಲೂ ಸುಳಿ ಕಾಣುತ್ತಿತ್ತು. "ನೂರಕ್ಕೆ ನೂರು ಅಸಲು" ಎಂದು ನಾನು ತೀರ್ಪು ಕೊಟ್ಟೆ, ಕಾರಣಗಳನ್ನೂ ವಿವರಿಸಿದೆ. ಮೇಸ್ತ್ರಿ ಒಳಗಿಂದ ಒಂದು ಸಣ್ಣ ಬಾಟಲಿ ತಂದರು. ಹಂದಿಕರಿಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿ. ಬಟ್ಟೆಗೆ ಎರಡು ತೊಟ್ಟು ಹಾಕಿ ನಳಿಗೆಯನ್ನು ಒರೆಸಿದರು. ಸುಳಿ ಬಟ್ಟೆಗೆ ಬಂತು, ನಳಿಗೆ ಬೋಳಾಯಿತು. ಬರೀ ಬಣ್ಣ!

"ಅಸಲು ಸುಳಿಗೆ ಹುಳಿ ಹಾಕಿದ್ರೆ ಇನ್ನೂ ಎದ್ದು ಕಾಣ್ತದೆ," ಎಂದರು ಮೇಸ್ತ್ರಿ. "ಸುಳ್ಳಿಗೆ ಹಾಕಿದ್ರೆ ಓಡ್ತದೆ. ವಕೀಲರಿಗೂ ಒಮ್ಮೆ ಹಾಕಿ ನೋಡ್ಬೇಕು."

ಸಂತೆಯವರು ನಕ್ಕ ನಗು ತಿಂಗಳುಗಟ್ಟಲೆ ನನ್ನ ಹಿಂದೆ ಬಂತು. ಈ ಎರಡು ಅವಮಾನಗಳನ್ನು ಸುಮ್ಮನೆ ಹೇಳುತ್ತಿಲ್ಲ. ನಾನು ಗೆದ್ದದ್ದು ಇವೆರಡರಿಂದಲೇ.

ಈಗ ತಕರಾರಿನ ವಿಷಯ. ಪಾಲಿಬೆಟ್ಟದ ಒಂದು ಎಸ್ಟೇಟಿನಲ್ಲಿ ಹಿಂದೆ ಒಬ್ಬ ಬಿಳಿಯ ದೊರೆಯಿದ್ದ, ಎಲ್ಲರೂ ದೊಡ್ಡ ದೊರೆ ಎನ್ನುತ್ತಿದ್ದರು. ಅವನು ವಿಲಾಯತಿಯಿಂದ ಅವಳಿ ಕೋವಿಗಳನ್ನು ತರಿಸಿದ್ದ. ಶಿಕಾರಿಯಲ್ಲಿ ದೊರೆ ಒಂದನ್ನು ಹಾರಿಸುವಾಗ ಹಿಂದೆ ನಿಂತ ಆಳು ಇನ್ನೊಂದಕ್ಕೆ ತೋಟಾ ತುಂಬಿ ಕೈಗೆ ಕೊಡಬೇಕು. ಆ ಆಳು ಶ್ರೀಮಂಗಲದ ಕಡೆಯ ಒಬ್ಬ ಕೊಡವ. ಅವನ ನಿಷ್ಠೆಗೆ ಮೆಚ್ಚಿ ದೊಡ್ಡ ದೊರೆ ಅವಳಿಯಲ್ಲೊಂದನ್ನು ಅವನಿಗೇ ಉಡುಗೊರೆ ಕೊಟ್ಟ. ಅವನ ಮಗ ಬೋಪಯ್ಯಜ್ಜ ನಮ್ಮ ಕಾಲಕ್ಕೆ ಆ ಒಕ್ಕದ ಯಜಮಾನ. ಇನ್ನೊಂದು ಕೋವಿ ದೊಡ್ಡ ದೊರೆಯ ಅಣ್ಣನ ಮಗನಿಗೆ ಬಂತು. ಇವನು ಸಣ್ಣ ದೊರೆ.

ಒಂದು ಮಳೆಗಾಲ ಎರಡೂ ಕೋವಿಗಳು ಒಂದೇ ವಾರದಲ್ಲಿ ನಮ್ಮ ಅಂಗಡಿಗೆ ಬಂದವು. ಅಕ್ಕತಂಗಿಯರು ತವರಲ್ಲಿ ಭೇಟಿಯಾದ ಹಾಗೆ ಒಂದೇ ಗೂಡಿನಲ್ಲಿ ಒರಗಿ ನಿಂತಿದ್ದವು. ರಿಪೇರಿಯಾಗಿ ಹೋದವು. ಮುಂದಿನ ಬೇಸಗೆಯ ಹೊತ್ತಿಗೆ ಸಣ್ಣ ದೊರೆ ತನ್ನದನ್ನು ಮಾರಲು ಯೋಚಿಸಿ, ತಯಾರಿಸಿದ ಕಂಪನಿಗೆ ನಂಬರು ಬರೆದು ಕಳಿಸಿದ. ಉತ್ತರ ಬಂತು: ಪೆಟ್ಟಿಗೆಯ ನಂಬರಿಗೂ ನಳಿಗೆಯ ನಂಬರಿಗೂ ತಾಳೆಯಿಲ್ಲ, ನಿಮ್ಮ ಕೋವಿಯ ಮೇಲಿರುವುದು ಅದರ ಅವಳಿಯ ನಳಿಗೆ. (ನಳಿಗೆ ಬಂದು ಕೂರುವ ಉಕ್ಕಿನ ಭಾಗವನ್ನು ನಾವು ಪೆಟ್ಟಿಗೆ ಎನ್ನುತ್ತೇವೆ. ಎರಡಕ್ಕೂ ಒಂದೇ ನಂಬರು ಇರಬೇಕು.) ಬೋಪಯ್ಯಜ್ಜನದನ್ನು ಬಿಚ್ಚಿ ನೋಡಿದರೆ ಸರಿಯಾಗಿ ತಿರುಗುಮುರುಗು. ಅಂದರೆ ನಳಿಗೆಗಳು ಅದಲುಬದಲಾಗಿವೆ. ಎರಡು ಕೋವಿಗಳು ಒಟ್ಟಿಗೆ ಇದ್ದದ್ದು ಎಲ್ಲಿ? ತಮ್ಮಯ್ಯನ ಅಂಗಡಿಯಲ್ಲಿ.

ಸಣ್ಣ ದೊರೆ ತಾಲೂಕು ಕಚೇರಿಗೆ ದೂರು ಕೊಟ್ಟ. ಒಳ್ಳೆಯ ನಳಿಗೆಯನ್ನು ಮೇಸ್ತ್ರಿ ಬೇಕೆಂದೇ ತನ್ನ ಜನಕ್ಕೆ ದಾಟಿಸಿದ್ದಾನೆ, ಅಂಗಡಿಯ ಲೈಸನ್ಸು ರದ್ದಾಗಬೇಕು, ತನ್ನ ನಳಿಗೆ ತನಗೆ ಬರಬೇಕು. ಎರಡೂ ಕೋವಿಗಳನ್ನು ಕಚೇರಿಯಲ್ಲಿ ಮೊಹರು ಹಾಕಿಟ್ಟರು. ಗಿರಾಕಿಗಳು ಒಬ್ಬೊಬ್ಬರಾಗಿ ಬಂದು, "ಏನಿಲ್ಲ ಮೇಸ್ತ್ರಿ, ಹಬ್ಬ ಹತ್ತಿರ ಬಂತಲ್ಲ" ಎನ್ನುತ್ತ ಅರ್ಧ ಬಿಚ್ಚಿದ ಕೋವಿಗಳನ್ನೇ ಮೂಟೆ ಕಟ್ಟಿಕೊಂಡು ಹೋದರು. ಹಬ್ಬಕ್ಕೆ ಇನ್ನೂ ಆರು ತಿಂಗಳಿತ್ತು.

ಮೇಸ್ತ್ರಿ ಒಂದು ಮಧ್ಯಾಹ್ನ ಖಾಲಿ ಗೂಡು ನೋಡುತ್ತ ಹೇಳಿದರು, "ಮೂರು ತಲೆಮಾರಲ್ಲಿ ಕಳ್ಳ ಅಂತ ಯಾರೂ ಹೇಳಿಸಿಕೊಂಡಿರ್ಲಿಲ್ಲ ವಕೀಲ. ನಾನೇ ಮೊದಲು."

"ಇನ್ನೂ ಹೇಳಿಸಿಕೊಂಡಿಲ್ಲ ಮೇಸ್ತ್ರಿ. ವಿಚಾರಣೆ ಬಾಕಿ ಉಂಟು."

ಹಾಗೆ ಹೇಳಿದೆನಾದರೂ ಎದೆಯಲ್ಲಿ ಧೈರ್ಯವಿರಲಿಲ್ಲ. ಮೇಸ್ತ್ರಿ ಬದಲಿಸಿಲ್ಲ ಎಂದು ನನಗೆ ಗೊತ್ತು. ಆದರೆ ಗೊತ್ತು ಎನ್ನುವುದು ವಾದವಲ್ಲ. ಆಗ ನೆನಪಾಯಿತು, ಬೋಪಯ್ಯಜ್ಜನ ಮನೆಯ ಬೊಟ್ಟು. ಆ ಮನೆಯ ಪದ್ಧತಿ ವಿಚಿತ್ರ. ಯಜಮಾನ ಮೂರು ಬೆರಳನ್ನು ಒಟ್ಟಿಗೆ ಗಂಧದಲ್ಲಿ ಅದ್ದಿ ಕೋವಿಯ ಬಲಮಗ್ಗುಲಿಗೆ ಒಂದೇ ಸಲ ಒತ್ತುತ್ತಾನೆ. ಮೊದಲ ಬೆರಳು ನಳಿಗೆಯ ಮೇಲೆ, ಕೊನೆಯದು ಪೆಟ್ಟಿಗೆಯ ಮೇಲೆ, ನಡುವಿನದು ಸರಿಯಾಗಿ ಅವೆರಡೂ ಕೂಡುವ ಗೆರೆಯ ಮೇಲೆ. ಅರ್ಧ ಬೊಟ್ಟು ನಳಿಗೆಗೆ, ಅರ್ಧ ಪೆಟ್ಟಿಗೆಗೆ. ಲಕೋಟೆಯ ಅಂಚಿನ ಮೇಲೆ ಅರಗಿನ ಮುದ್ರೆ ಒತ್ತಿದ ಹಾಗೆ!

ಆದರೆ ಕಳೆದ ಮಳೆಗಾಲ ಆ ಕೋವಿ ಒರೆಸಿದವನು ನಾನೇ. ಎಣ್ಣೆಯಲ್ಲಷ್ಟೇ ಒರೆಸಿದ್ದೆನೋ, ಎಮರಿ ಹಚ್ಚಿದ್ದೆನೋ? ಎಣ್ಣೆ ಎಂದೇ ನೆನಪು. ಬೈಸಿಕೊಂಡವನು ಮತ್ತೆ ಉಜ್ಜಿರಲಾರ. ಆದರೆ ನೆನಪನ್ನು ಸಾಕ್ಷಿಯೆಂದು ನಾನು ಒಪ್ಪುವುದಿಲ್ಲ, ನನ್ನದಾದರೂ ಸರಿ. ಮೊಹರು ಒಡೆಯುವವರೆಗೆ ನೋಡುವ ಹಾಗಿಲ್ಲ. ಹನ್ನೊಂದು ದಿನ ಊಟ ರುಚಿಸಲಿಲ್ಲ.

ವಿಚಾರಣೆಯ ದಿನ ತಾಲೂಕಿನ ಅಧಿಕಾರಿ ಸುಬೇದಾರರ ಮೇಜಿನ ಮೇಲೆ ಎರಡು ಕೋವಿಗಳು. ನನ್ನ ಬೇಡಿಕೆಯಂತೆ ಬೋಪಯ್ಯಜ್ಜ ತಮ್ಮ ಮನೆಯ ಇನ್ನೊಂದು ಕೋವಿಯನ್ನೂ ತಂದಿದ್ದರು. ಅದು ನಾಲ್ಕು ವರ್ಷದ ಹಿಂದೆ ಕೊಂಡದ್ದು. ಸಣ್ಣ ದೊರೆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಕಂಪನಿಯ ಪತ್ರವನ್ನು ಮಡಿಸುತ್ತ ಬಿಚ್ಚುತ್ತ ಇದ್ದ. ಕೂಲಿಗಳ ಜೊತೆ ಪಳಗಿದ ಕನ್ನಡ ಅವನದು.

"ಮೇಸ್ತ್ರಿ ಕಳ್ಳ ಅಂತ ನಾನು ಹೇಳುದಿಲ್ಲ. ಕಾಗದ ಹೇಳ್ತದೆ."

ಮೇಸ್ತ್ರಿಯ ಪರವಾಗಿ ಮಾತಾಡಲು ಸುಬೇದಾರರು ನನಗೆ ಅಪ್ಪಣೆ ಕೊಟ್ಟರು. ಚರ್ಚಾಕೂಟದಲ್ಲಿ ನಮ್ಮ ಮೇಷ್ಟ್ರು ಕಲಿಸಿದ್ದೊಂದು ಪಟ್ಟು: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ನೀನೇ ಮೊದಲು ಹೇಳು. ಹೇಳಿದೆ. ನಂಬರು ಅದಲುಬದಲಾದದ್ದು ನಿಜ. ಕಂಪನಿಯ ಪತ್ರ ನಿಜ. ಮಳೆಗಾಲದಲ್ಲಿ ಎರಡೂ ನಮ್ಮ ಅಂಗಡಿಯಲ್ಲಿದ್ದದ್ದು ನಿಜ. ಬದಲಿಸುವ ಕೈಚಳಕ ಈ ತಾಲೂಕಿನಲ್ಲಿ ಮೇಸ್ತ್ರಿಯೊಬ್ಬರಿಗೇ ಇರುವುದೂ ನಿಜ.

ಮೇಸ್ತ್ರಿ ನನ್ನ ಅಂಗಿಯ ತುದಿ ಜಗ್ಗಿದರು. "ಏ ವಕೀಲ, ನೀನು ಯಾರ ಕಡೆ?"

ನಾನು ಬಾಟಲಿ ಹೊರತೆಗೆದೆ. ದೊರೆ ಮೂಗು ಮುಂದೆ ಮಾಡಿದ. "ಅದು ಹಂದಿಕರಿಗೆ ಹಾಕುದಲ್ಲವಾ?"

"ಹೌದು ಸರ್. ಇವತ್ತು ಕೋವಿಗೆ."

"ನನ್ನ ಕೋವಿಗೆ ಉಪ್ಪಿನಕಾಯಿ ಹಾಕ್ತೀಯಾ!"

"ಮೊದಲು ಅಜ್ಜನದಕ್ಕೆ ಸರ್. ನಿಮ್ಮದು ಊಟದ ಸರದಿಯಲ್ಲಿ ಎರಡನೇದು."

ಸುಬೇದಾರರು ಮೀಸೆಯೊಳಗೆ ನಕ್ಕರು. ನಾನು ಅಜ್ಜನ ಕೋವಿಯ ಎಣ್ಣೆ ಒರೆಸಿ, ನಳಿಗೆ ಪೆಟ್ಟಿಗೆ ಕೂಡುವಲ್ಲಿ ಕಾಚಂಪುಳಿ ಸವರಿದೆ. ಏನೂ ಕಾಣಲಿಲ್ಲ. ಮತ್ತೊಮ್ಮೆ ಸವರಿದೆ. ಆಗ ಉಕ್ಕು ಬೂದುಬಣ್ಣಕ್ಕೆ ತಿರುಗಿತು, ಬೂದಿಯ ನಡುವೆ ಮೂರು ಕಪ್ಪು ಕುಳಿಗಳು ನಿಧಾನವಾಗಿ ಕಣ್ಣು ಬಿಟ್ಟವು. ನಡುವಿನದು ಗೆರೆಯ ಆಚೆ ಅರ್ಧ, ಈಚೆ ಅರ್ಧ, ಕೂಡಿ ಒಂದು ದುಂಡು ಬೊಟ್ಟು. ಜೀವನದಲ್ಲಿ ಅಷ್ಟು ಸಂತೋಷದಿಂದ ನಾನು ಯಾವ ತುಕ್ಕನ್ನೂ ನೋಡಿದ್ದಿಲ್ಲ.

"ಇದು ಅಜ್ಜನ ಮನೆಯ ಹಬ್ಬದ ಬೊಟ್ಟು ಸ್ವಾಮಿ. ಈಗ ನೋಡಿ." ಅಜ್ಜನ ನಳಿಗೆ ಬಿಚ್ಚಿಟ್ಟು, ಅದೇ ಪೆಟ್ಟಿಗೆಗೆ ದೊರೆಯ ನಳಿಗೆ ಕೂಡಿಸಿ ಹುಳಿ ಸವರಿದೆ. ಪೆಟ್ಟಿಗೆಯ ಮೇಲೆ ಅರ್ಧಚಂದ್ರ, ನಳಿಗೆಯ ಮೇಲೆ ಬೋಳು ಉಕ್ಕು. "ನಂಬರಿನ ಪ್ರಕಾರ ಇವೆರಡು ಗಂಡಹೆಂಡತಿ. ಆದರೆ ಒಟ್ಟಿಗೆ ಒಂದು ಹಬ್ಬವನ್ನೂ ಮಾಡಿಲ್ಲ." ಮತ್ತೆ ಅಜ್ಜನ ನಳಿಗೆ ಕೂಡಿಸಿದೆ. ಹುಣ್ಣಿಮೆ.

ದೊರೆ ಪೆದ್ದನಲ್ಲ. ಎದ್ದು ಬಂದು ಬಗ್ಗಿ ನೋಡಿದ. "ಮೇಸ್ತ್ರಿ ಮಳೆಗಾಲದಲ್ಲಿ ಬದಲಾಯಿಸಿದ. ಆಮೇಲೆ ಹಬ್ಬ ಬಂತು, ಅಜ್ಜ ಬೊಟ್ಟು ಇಟ್ಟ. ಅಷ್ಟೇ."

ಈ ವಾದಕ್ಕಾಗಿಯೇ ನಾನು ಕಾದಿದ್ದೆ. ಅಜ್ಜನ ಹೊಸ ಕೋವಿಯನ್ನು ಮುಂದಿಟ್ಟೆ. "ಇದಕ್ಕೆ ನಾಲ್ಕು ಹಬ್ಬದ ಬೊಟ್ಟು ಬಿದ್ದಿದೆ ಸರ್, ಅದೇ ಮೂರು ಬೆರಳು. ಉಗುರಾಡಿಸಿ ನೋಡಿ." ಸುಬೇದಾರರು ಹೊಸದರ ಮೇಲೆ ಉಗುರಾಡಿಸಿದರು, ಜಾರಿತು. ಬರೀ ಮಬ್ಬು ಕಲೆ. ಹಳೆಯದರ ಮೇಲೆ ಆಡಿಸಿದರು, ಉಗುರು ಕುಳಿಗೆ ಸಿಕ್ಕಿ ನಿಂತಿತು. ಎರಡು ಸಲ ಸಿಕ್ಕಿಸಿ ನೋಡಿದರು.

"ನಾಲ್ಕು ಹಬ್ಬಕ್ಕೆ ಇಷ್ಟು," ಎಂದರು. "ಇದು ಎಷ್ಟು ಹಬ್ಬದ್ದು ಬೋಪಯ್ಯ?"

"ಕೋವಿ ಮನೆಗೆ ಬಂದ ವರ್ಷ ನನಗೆ ಮೀಸೆ ಚಿಗುರ್ತಾ ಇತ್ತು ಸ್ವಾಮಿ," ಎಂದರು ಅಜ್ಜ, ಬಿಳಿ ಮೀಸೆ ನೀವುತ್ತ. "ಈಗ ನೋಡಿ."

"ಹಾಗಾದ್ರೆ ತುಂಬ ಹಿಂದೆ ಬದಲಾಯಿಸಿರಬೇಕು ಈ ಮೇಸ್ತ್ರಿ," ಎಂದ ದೊರೆ.

ಆಗ ಅವನ ದೂರಿನ ಕಾಗದವನ್ನು ಕೇಳಿ ತೆಗೆದುಕೊಂಡೆ. ಮೂರನೆಯ ಸಾಲನ್ನು ಅವನೇ ಗಟ್ಟಿಯಾಗಿ ಓದಬೇಕೆಂದು ವಿನಂತಿಸಿದೆ. ಓದಲು ಶುರುಮಾಡಿ ಮಧ್ಯದಲ್ಲಿ ನಿಂತ. ಉಳಿದದ್ದನ್ನು ಸುಬೇದಾರರು ಕನ್ನಡಕ್ಕೆ ತಿರುಗಿಸಿ ಹೇಳಿದರು: ಈ ಕೋವಿ ಯಾವತ್ತೂ ಮದ್ರಾಸಿನ ಯುರೋಪಿಯನ್ ಅಂಗಡಿಗೇ ಹೋಗುತ್ತಿತ್ತು, ಕಳೆದ ಮಳೆಗಾಲಕ್ಕೆ ಮುಂಚೆ ಒಬ್ಬ ದೇಶೀ ಕಮ್ಮಾರನ ಕೈಗೂ ಅದನ್ನು ಕೊಟ್ಟಿಲ್ಲ.

ಜಂಬಕ್ಕೆಂದು ಬರೆದ ಸಾಲು ಅದು. ಅದೇ ಸಾಲು ನಮ್ಮನ್ನು ಬಿಡಿಸಿತು.

"ಹಾಗಾದರೆ ಇವೆರಡು ಒಟ್ಟಿಗೆ ಇದ್ದದ್ದು ಇನ್ನೆಲ್ಲಿ ಸರ್?" ಎಂದೆ. "ನಿಮ್ಮ ಚಿಕ್ಕಪ್ಪನ ಬಂಗಲೆಯಲ್ಲಿ. ಅಜ್ಜನ ಮನೆಗೆ ಬರುವ ಮೊದಲೇ ನಳಿಗೆ ಬದಲಾಗಿತ್ತು. ಆಗ ನಮ್ಮ ಮೇಸ್ತ್ರಿ ಇನ್ನೂ ಅಂಬೆಗಾಲಿಡುತ್ತಿದ್ದರು."

ದೊರೆ ಪತ್ರ ಮಡಿಸಿ ಜೇಬಿಗಿಟ್ಟ. ಆಮೇಲೆ ಟೋಪಿ ತೆಗೆದದ್ದು ನಿಜ. ಆ ಒಂದನ್ನು ಸಂತೆಯವರು ಸರಿಯಾಗಿ ಹೇಳುತ್ತಾರೆ. "ಚಿಕ್ಕಪ್ಪ ಕೋವಿ ವಿಷಯದಲ್ಲಿ ತಪ್ಪು ಮಾಡುವ ಜನ ಅಲ್ಲ," ಎಂದು ತನಗೇ ಹೇಳಿಕೊಂಡ. ನಂತರ ಮೇಸ್ತ್ರಿಯ ಕಡೆ ತಿರುಗಿ ದೂರು ವಾಪಸು ತೆಗೆದುಕೊಂಡೆ ಎಂದ. ಲೈಸನ್ಸಿಗೆ ಅಡ್ಡಿಯಿಲ್ಲ, ಕೋವಿಗಳು ಈಗಿರುವ ಹಾಗೆಯೇ ಇರತಕ್ಕದ್ದು ಎಂದು ಸುಬೇದಾರರು ಬರೆಸಿದರು.

ಹೊರಗೆ ಬಂದವರೇ ಬೋಪಯ್ಯಜ್ಜ ಒಂದು ತೋಟಾ ಹಾಕಿ ಆಕಾಶಕ್ಕೆ ಹಾರಿಸಿದರು. ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಪೇಟೆಯ ಜನ ಎರಡನೆಯದಕ್ಕೆ ಕಾದರು. ಬರಲಿಲ್ಲ.

"ಯಾರ ಮನೇಲಿ ಹುಟ್ಟಿತು?" ಎಂದು ಬಟ್ಟೆ ಅಂಗಡಿಯಿಂದ ಯಾರೋ ಕೂಗಿದರು.

"ಐರಿಯ ಮನೇಲಿ!" ಎಂದರು ಅಜ್ಜ. "ತಮ್ಮಯ್ಯ ಇವತ್ತು ಹುಟ್ಟಿದ!"

ಹುಟ್ಟಿದ ಮಗು ಕಚೇರಿಯ ಮೆಟ್ಟಿಲ ಮೇಲೆ ಕೂತು ಪಂಚೆಯ ಚುಂಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿತ್ತು. ವಾರದೊಳಗೆ ಗೂಡು ಮತ್ತೆ ತುಂಬಿತು. "ಹಬ್ಬ ಹತ್ತಿರ ಬಂತಲ್ಲ" ಎಂದವರೇ ಮೂಟೆ ಬಿಚ್ಚಿದರು. ಮುಂದಿನ ಮಳೆಗಾಲ ಸಣ್ಣ ದೊರೆಯ ಕೋವಿಯೂ ಬಂತು, ಮದ್ರಾಸಿಗೆ ಹೋಗಲಿಲ್ಲ. ನಾನು ಯಾವಾಗ ಮೇಸ್ತ್ರಿಗೆ ಸರಿಸಮನಾದೆ, ಸಂಬಳ ಯಾವಾಗ ಏರಿತು ಎಂಬುದೆಲ್ಲ ನಿಮಗೆ ಬೇಡ. ಆ ದಿನದಿಂದ ಅವರು ನನ್ನನ್ನು 'ಏ ವಕೀಲ' ಎನ್ನುವುದನ್ನು ಬಿಟ್ಟು 'ವಕೀಲ್ರೇ' ಎಂದರು. ಅಷ್ಟು ಸಾಕು.

ಆಮೇಲೆ ಕಾಲ ಬದಲಾಯಿತು. ಕರಿಮದ್ದು ಹೋಗಿ ಹೊಗೆಯಿಲ್ಲದ ಮದ್ದಿನ ತೋಟಾ ಸಂತೆಯಲ್ಲೇ ಸಿಗತೊಡಗಿತು. ಕರಿಮದ್ದಿಗೆಂದು ಹೆಣೆದ ತಿರುಚು ನಳಿಗೆ ಅದರ ಒದೆತ ತಡೆಯದು. ರಿಪೇರಿಯಾದ ಅಂಥದೊಂದು ಕೋವಿಯನ್ನು ಪರೀಕ್ಷಿಸಲೆಂದು ಒಬ್ಬ ಗಿರಾಕಿ ಯಾವುದೆಂದು ಹೇಳದೆ ತೋಟಾ ಕೊಟ್ಟ. ನಾನು ಕೇಳದೆ ಹಾರಿಸಿದೆ. ಎಲ್ಲರನ್ನೂ ಪ್ರಶ್ನೆ ಕೇಳುವವನು ಅವತ್ತೊಂದು ದಿನ ಕೇಳಲಿಲ್ಲ. ನಳಿಗೆ ಸೀಳಿತು, ಎಡಗಿವಿ ಹೋಯಿತು, ಎಡಗೈಯ ಎರಡು ಬೆರಳು ಮಡಿಸಲಾಗದಂತಾಯಿತು. ಹೊಸಬರೇ, ನಾದವನ್ನು ನಂಬಬೇಡಿ, ನಂಬರೊಂದನ್ನೇ ನಂಬಬೇಡಿ, ಗಿರಾಕಿಯನ್ನಂತೂ ನಂಬಲೇಬೇಡಿ. ಕೋವಿ ಯಾರ ಮನೆಯಲ್ಲಿ ಹೇಗೆ ಬದುಕಿದೆ ಎಂದು ಮೊದಲು ಕೇಳಿ. ನಂಬರು ಹುಟ್ಟಿದ ದಿನದ್ದು, ಕಲೆ ಬದುಕಿದ ದಿನಗಳದ್ದು.

ಒಂದು ಮಾತು ಮಾತ್ರ ಕಚೇರಿಯಲ್ಲಿ ನಾನು ಆಡಲಿಲ್ಲ. ಎದುರಾಳಿ ಕೇಳದ ಪ್ರಶ್ನೆಗೆ ಉತ್ತರ ಕೊಡಬಾರದು ಎಂಬುದೂ ಚರ್ಚಾಕೂಟದ ಪಾಠವೇ. ದೊರೆಯ ಕೋವಿಯ ಮೇಲಿದ್ದ ನಳಿಗೆಯ ತುದಿಯ ಹತ್ತಿರ ಒಂದು ಹಳೆಯ ನೆಗ್ಗು ಇತ್ತು. ಯಾರೋ ಒಳಗಿಂದ ಎಬ್ಬಿಸಿ ಸರಿಮಾಡಿದ್ದರು, ಆದರೆ ಬೆರಳಿಗೆ ಸಿಗುತ್ತಿತ್ತು. ನಂಬರಿನ ಪ್ರಕಾರ ಅದು ಅಜ್ಜನ ಮನೆಗೆ ಬರಬೇಕಿದ್ದ ನಳಿಗೆ. ಬಂದದ್ದು ಮಾತ್ರ ನೆಗ್ಗಿಲ್ಲದ್ದು. ಶಿಕಾರಿಯ ಸಂಜೆಗಳಲ್ಲಿ ಎರಡೂ ಕೋವಿಗಳನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿಡುತ್ತಿದ್ದ ಕೈ ಒಂದೇ, ಬೋಪಯ್ಯಜ್ಜನ ಅಪ್ಪನದು. ಕೋವಿ ವಿಷಯದಲ್ಲಿ ದೊಡ್ಡ ದೊರೆಯೂ ತಪ್ಪು ಮಾಡುವ ಜನ ಅಲ್ಲವಂತೆ.

ಪ್ರತಿ ಕೈಲ್‌ಮುಹೂರ್ತಕ್ಕೂ ಅಜ್ಜ ನನ್ನನ್ನು ಊಟಕ್ಕೆ ಕರೆಯುತ್ತಾರೆ. ಈ ವರ್ಷವೂ ಹೋಗಿದ್ದೆ. ಅವರು ಮೂರು ಬೆರಳು ಗಂಧದಲ್ಲಿ ಅದ್ದಿ ಒತ್ತಿದರು, ವಯಸ್ಸಾದ ಕೈಯಾದರೂ ನಡುವಿನ ಬೆರಳು ಗೆರೆಯ ಮೇಲೆಯೇ ಕೂತಿತು. ಕೇಳುವ ಕಿವಿಯನ್ನು ಅವರ ಕಡೆಗೆ ತಿರುಗಿಸಿಕೊಂಡು ಪಕ್ಕದಲ್ಲಿ ಕೂತೆ. ಅವರು ತೋಕ್‌ಪೂವಿನ ತೊಟ್ಟನ್ನು ನಳಿಗೆಯ ಬಾಯಿಗೆ ಇಳಿಸುತ್ತಿದ್ದರು.

"ಅಜ್ಜ, ಈಗ ದೊರೆಯೂ ಇಲ್ಲ, ಸುಬೇದಾರರೂ ಇಲ್ಲ, ನಾನೂ ಕೆಲಸ ಬಿಟ್ಟವನು. ಹೇಳಿ, ಈ ಒಳ್ಳೆ ನಳಿಗೆಯನ್ನು ದೊಡ್ಡ ದೊರೆ ಕೊಟ್ಟದ್ದಾ, ನಿಮ್ಮಪ್ಪ ತಕ್ಕೊಂಡದ್ದಾ?"